ಕೊರಳ ಟೇಪು

ಗಿರಾಕಿ ಬಾಗಿಲು ಹಾಕಲು ಮರೆತಿದ್ದೇ ತಡ, ಟೈಲರಮ್ಮನ ಮೂರು ತಿಂಗಳ ನಾಯಿಮರಿ ಅಂಗಡಿಯಿಂದ ಓಡಿಹೋಗಿ ರಸ್ತೆಯಂಚಿನಲ್ಲಿ ನಿಂತಿತ್ತು. ಅದರ ಬಾಲದ ಹಿಂದೆಯೇ ಲಾರಿಗಳು ಭರ್ರನೆ ಹೋಗುತ್ತಿದ್ದವು. ಟೈಲರಮ್ಮ ಹೊಲಿಗೆ ಬಿಟ್ಟು ಬಾಗಿಲಿಗೆ ಓಡಿಬಂದಳು.

"ಬಾರೋ, ಬಾ," ಎಂದಳು. ಮರಿ ಒಂದು ಹೆಜ್ಜೆ ಹಿಂದೆ ಸರಿಯಿತು. ಇವಳು ಮುಂದೆ ಬಂದರೆ ಅದು ಇನ್ನೂ ಎರಡು ಹೆಜ್ಜೆ ಹಿಂದೆ.

ಮರಿ ತಂದುಕೊಟ್ಟ ದಿನವೇ ಅಕ್ಕ ಹೇಳಿದ್ದಳು: "ಬಾ ಅಂತ ಕರೆದು ಯಾವತ್ತೂ ಬೈಬೇಡ ಕಣೇ. ತಪ್ಪಿಸಿಕೊಂಡ್ರೆ ಅಟ್ಟಿಸಿಕೊಂಡು ಹೋಗ್ಬೇಡ, ಬೆನ್ನು ತಿರುಗಿಸಿ ಕೂತ್ಕೋ, ತಾನೇ ಬರುತ್ತೆ."

ಅಕ್ಕನಿಗೇನು, ಅವಳ ಮನೆಯಲ್ಲಿ ಗಿರಾಕಿಗಳ ಬಟ್ಟೆ ಇರುವುದಿಲ್ಲವಲ್ಲ. ಮರಿ ಬಟ್ಟೆ ಕಚ್ಚಿದಾಗಲೆಲ್ಲ ಇವಳು ಅದನ್ನು ಹತ್ತಿರ ಕರೆದು, ಕೊರಳಲ್ಲಿ ನೇತಾಡುವ ಅಳತೆ ಟೇಪಿನಿಂದಲೇ ಎರಡು ಬಿಗಿಯುತ್ತಿದ್ದಳು. ಈಗ ಮರಿಯ ಕಣ್ಣು ನೆಟ್ಟಿದ್ದೂ ಆ ಟೇಪಿನ ಮೇಲೆಯೇ.

ಅವಳು ಟೇಪು ಕಿತ್ತು ಒಳಗೆಸೆದಳು. ರಸ್ತೆಗೆ ಬೆನ್ನು ಹಾಕಿ ಹೊಸ್ತಿಲ ಮೇಲೆ ಕುಕ್ಕರಿಸಿದಳು. ಹಿಂದೆ ಎಲ್ಲೋ ಬ್ರೇಕು ಕಿರ್ರೆಂದಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅಂಗೈಗೆ ತಣ್ಣನೆಯ ಮೂಗು ತಾಗಿತು.

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, "ಜಾಣ ಕಣೋ ನೀನು," ಎನ್ನುತ್ತ ತಲೆ ಸವರಲು ಕೈಯೆತ್ತಿದಳು.

ಮರಿ ಕಣ್ಣು ಮುಚ್ಚಿ, ಏಟಿಗೆ ತಲೆಯೊಡ್ಡಿತು.