ತಿದ್ದಿದ ನೋಟ

ಗೋಡೆಯ ಮೇಲಿದ್ದ ಫೋಟೊವನ್ನು ಮೊಳೆಯಿಂದ ಬಿಡಿಸಿ ತಂದು, ಫೋಟೊಗ್ರಾಫರನ ತಂಗಿಯ ಅತ್ತೆ ಅದನ್ನು ಅವನ ತೊಡೆಯ ಮೇಲೆ ಕುಕ್ಕಿದರು.

"ತೆಗೆದವನು ನೀನು. ನೀನೇ ಹೇಳಪ್ಪ, ನನ್ನ ಮೊಮ್ಮಗ ನೋಡ್ತಿದಾನೋ ಇಲ್ವೋ?"

ಫೋಟೊದಲ್ಲಿ ನೋಡುತ್ತಿದ್ದ, ಅದಕ್ಕೇನು ಕೊರತೆ. ಮೂರು ತಿಂಗಳ ಕೂಸು, ಬಿಳಿ ಟವೆಲ್ಲಿನ ಮೇಲೆ ಮಲಗಿ, ಎದುರು ನಿಂತವರ ಮೇಲೇ ಕಣ್ಣು ನೆಟ್ಟಿತ್ತು. ಮನೆಗೆ ಬಂದವರೆಲ್ಲ ಎಂಥಾ ನೋಟ ಅಂತ ಹೊಗಳಿ ಹೋದ ಫೋಟೊ ಅದು.

ಈಗ ಕೂಸಿಗೆ ಏಳು ತಿಂಗಳು. ಹನ್ನೊಂದು ಗಂಟೆಗೆ ಮಕ್ಕಳ ಡಾಕ್ಟರ ಹತ್ತಿರ ಹೋಗಬೇಕೆಂದು ತಂಗಿ, ಹೋಗಕೂಡದೆಂದು ಅವಳ ಗಂಡ ಮತ್ತು ಅತ್ತೆ. ಬೆಳಗಿನಿಂದ ಇದೇ ಜಗಳ. ತಂಗಿಯ ಗಂಡ ಲೆಕ್ಕದ ಮೇಷ್ಟ್ರು. ಯಾವುದಕ್ಕೂ ಆಧಾರ ಬೇಕು ಅನ್ನುವ ಆಸಾಮಿ. ಕೊನೆಗೆ ಫೋಟೊ ತೆಗೆದ ಭಾವನನ್ನೇ ಕರೆಸಿ ಕೇಳಿಬಿಡೋಣ ಎಂದು ಫೋನು ಮಾಡಿದ್ದ. ಇವನೂ ಸ್ಟುಡಿಯೊ ಬಾಗಿಲು ಎಳೆದು ಬಂದು ಕೂತಿದ್ದ, ಸಾಕ್ಷಿ ಹೇಳುವವನ ಹಾಗೆ.

ತಂಗಿ ಹೇಳುತ್ತಿದ್ದದ್ದು ಇಷ್ಟು. ಎತ್ತಿಕೊಂಡರೆ ಮಗು ಮೈ ಒಗ್ಗಿಸುವುದಿಲ್ಲ, ಹಲಗೆಯಂತೆ ಸೆಟೆಯುತ್ತದೆ. ಅಳು ಶುರುವಾದರೆ ಗಂಟೆಗಟ್ಟಲೆ ಯಾರಿಗೂ ಸಮಾಧಾನ ಮಾಡಲಾಗುವುದಿಲ್ಲ. ಹಸಿದಿರುವಾಗ ಟಿ.ವಿ. ಡಬ್ಬಿಯ ಕೆಂಪು ದೀಪ ಮಿಣುಕಿದರೆ ಹಾಲನ್ನೇ ಮರೆತು ಅದನ್ನೇ ನೋಡುತ್ತದೆ. ತನ್ನ ಮುಖ ಮಾತ್ರ ನೋಡುವುದಿಲ್ಲ. ಲಸಿಕೆ ಹಾಕಿದ ನರ್ಸು ಇದನ್ನು ಗಮನಿಸಿ, ಈಗಲೇ ಏನೂ ಹೇಳಲಾಗದು, ಆದರೂ ಬೇಗ ತೋರಿಸಿದರೆ ಒಳ್ಳೆಯದು ಎಂದಿದ್ದಳು.

ಅತ್ತೆಯ ಹತ್ತಿರ ಒಂದೊಂದಕ್ಕೂ ಉತ್ತರ ತಯಾರಿತ್ತು. ಸೆಟೆಯುವುದೆಂದರೆ ಮೂಳೆ ಗಟ್ಟಿ. ಹಸಿವಿಗೆ ಅಳದಿರುವುದೆಂದರೆ ಎಂಥಾ ತಾಳ್ಮೆಯ ಕೂಸು. ಇನ್ನು ಮುಖ ನೋಡದಿರುವುದೆಂದರೆ, ಆ ಸಿಡುಕು ಮೋರೆಯನ್ನು ಯಾರು ತಾನೇ ನೋಡುತ್ತಾರೆ? ಮೇಷ್ಟ್ರೂ ದನಿಗೂಡಿಸಿದ.

"ಆಟಿಸಂ ಅಂತೆ, ಭಾವ. ಫೋನಲ್ಲಿ ಏನೋ ಓದ್ಕೊಂಡು, ಹೆತ್ತ ಮಗುಗೇ ಹೆಸರಿಡೋಕೆ ಹೊರಟಿದಾಳೆ."

ತಂಗಿ ಒಳಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಅದಕ್ಕೆ ಆಗಲೇ ಸ್ವೆಟರು ತೊಡಿಸಿ ಆಗಿತ್ತು. ಅಣ್ಣ ಬಂದನಲ್ಲ, ಇನ್ನು ಗೆದ್ದೆ ಎಂಬಂತೆ ಅವನನ್ನೇ ನೋಡುತ್ತಿದ್ದಳು.

ಫೋಟೊಗ್ರಾಫರ್ ಹದಿನೈದು ವರ್ಷದಿಂದ ಹಸುಗೂಸುಗಳ ಫೋಟೊ ತೆಗೆದೇ ಹೊಟ್ಟೆ ಹೊರೆದವನು. ಹಸಿದ ಮಗುವನ್ನು ತರಬೇಡಿ ಅಂತ ತಾಯಂದಿರಿಗೆ ಮೊದಲೇ ಹೇಳುತ್ತಿದ್ದ. ಹಸಿದ ಕೂಸಿಗೆ ಬೆಳಕು ಆಗದು, ಕಣ್ಣು ಮುಚ್ಚುತ್ತದೆ, ಮುಖ ತಿರುಗಿಸುತ್ತದೆ. ಹಾಲು ಕುಡಿದು ಹದಕ್ಕೆ ಬಂದ ಮೇಲೆ ಅದೇ ಕಣ್ಣರಳಿಸಿ ನೋಡುತ್ತದೆ. ಆದರೆ ತನ್ನ ಸ್ವಂತ ಸೋದರಳಿಯ ಅವತ್ತು ಹಸಿದು ಕಿರುಚುತ್ತಿದ್ದವನು, ಫ್ಲ್ಯಾಶ್ ಹೊಡೆದ ಕೂಡಲೇ ಗಪ್‌ಚಿಪ್. ಮುಷ್ಟಿ ಬಿಗಿಹಿಡಿದು ಬೆಳಕಿನ ಡಬ್ಬಿಯನ್ನೇ ನೋಡತೊಡಗಿದ. ಹಾಲು ಕುಡಿಸಿದ ಮೇಲೂ ಅಷ್ಟೇ. ಅರವತ್ತೆರಡು ಸಲ ಕ್ಲಿಕ್ಕಿಸಿದರೂ ಒಂದು ಸಲವೂ ಈ ಕಡೆ ತಿರುಗಲಿಲ್ಲ.

ಇದು ಸರಿಯಿಲ್ಲ ಅಂತ ಅವನಿಗೆ ಅವತ್ತೇ ಅನ್ನಿಸಿತ್ತು. ಹಾಗಂತ ಹೇಳಿದನೇ? ಎಲ್ಲಿ ಬಂತು. ನೋಡದ ಮಗುವೇ ಇಲ್ಲ ಅಂತ ಊರೆಲ್ಲ ಕೊಚ್ಚಿಕೊಂಡವನು, ತಂಗಿಯ ಮಗನ ಹತ್ತಿರವೇ ಸೋತೆ ಅನ್ನುವುದು ಹೇಗೆ? ಕಂಪ್ಯೂಟರಿನ ಮುಂದೆ ಕೂತು ಎರಡು ಕಣ್ಣುಗುಡ್ಡೆಯನ್ನೂ ನಡುವಿಗೆ ಸರಿಸಿ, ಒಂದೊಂದಕ್ಕೂ ಹೊಳಪಿನ ಚುಕ್ಕೆ ಇಟ್ಟ. ಹತ್ತು ನಿಮಿಷದ ಕೆಲಸ.

"ಬಾಯಲ್ಲೇನು ನೀರು ತುಂಬ್ಕೊಂಡಿದೀಯಾ?" ಎಂದರು ಅತ್ತೆ.

"ನೋಡ್ತಿದಾನಲ್ಲ" ಎಂದುಬಿಟ್ಟ, ಹೇಡಿ.

ತಂಗಿ ಮಗುವಿನ ಸ್ವೆಟರಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.

ಅಷ್ಟಕ್ಕೇ ಬಿಟ್ಟಿದ್ದರೆ ಅತ್ತೆ ಗೆದ್ದೇಬಿಡುತ್ತಿದ್ದರು. ಆದರೆ ಗೆದ್ದವರಿಗೆ ಮೆರೆಯುವ ಆಸೆ. ಮಗುವನ್ನು ಕಸಿದು ತೊಡೆಯ ಮೇಲೆ ಕೂರಿಸಿಕೊಂಡು, ಇನ್ನೊಂದು ಸಲ ನೋಡಿಸು, ನಿನ್ನ ತಂಗಿಯ ಅನುಮಾನ ತೀರಲಿ ಎಂದು ಕೂತರು.

ಅವನು ನಾಲಿಗೆಯಲ್ಲಿ ಲೊಟಲೊಟ ಸದ್ದು ಮಾಡಿದ. ಬೀಗದ ಕೈ ಗೊಂಚಲು ಅಲ್ಲಾಡಿಸಿದ. ತಲೆಯ ಮೇಲಿನ ಟೋಪಿಯನ್ನು ಬೀಳಿಸಿ ಅಯ್ಯಯ್ಯೋ ಅಂದ. ಎಂಥೆಂಥಾ ಮಕ್ಕಳೂ ಬಿದ್ದುಹೋಗುತ್ತಿದ್ದ ಆಟವದು. ಮಗು ಟಿ.ವಿ. ಡಬ್ಬಿಯ ಕೆಂಪು ದೀಪ ನೋಡುತ್ತಿತ್ತು. ಅವನು ಅಡ್ಡ ಬಂದ. ಮಗು ಕತ್ತು ಓರೆ ಮಾಡಿ, ದಾರಿಗಡ್ಡ ನಿಂತ ಕಂಬವನ್ನು ಸುತ್ತಿ ಇಣುಕುವಂತೆ, ಅವನ ಹೆಗಲಾಚೆ ಇಣುಕಿತು. ಅವನು ಹೋಗಿ ದೀಪದ ಮೇಲೆ ಅಂಗೈ ಮುಚ್ಚಿದ. ಮಗು ಬಿಲ್ಲಿನಂತೆ ಹಿಂದಕ್ಕೆ ಬಾಗಿ ಕಿಟಾರನೆ ಕಿರುಚಿಕೊಂಡಿತು.

ಹಿಡಿಯಲಾರದೆ ಅತ್ತೆ ಕಂಗಾಲಾದರು. ತಂಗಿ ಬಂದು ಎತ್ತಿಕೊಂಡು, ಎದೆಗೆ ಗಟ್ಟಿಯಾಗಿ ಒತ್ತಿ, ಅತ್ತಿಂದಿತ್ತ ತೂಗಿದಳು. ಅಳು ನಿಲ್ಲುವ ಲಕ್ಷಣವಿಲ್ಲ. ಮೊದಲು ಕೆಂಪಾಗಿದ್ದ ಮುಖ ನೀಲಿಗೆ ತಿರುಗುತ್ತಿತ್ತು. ಆ ಗಲಾಟೆಯ ನಡುವೆಯೇ ಫೋಟೊಗ್ರಾಫರ್ ಬಾಯಿಬಿಟ್ಟ.

"ಆ ಕಣ್ಣು ನಾನು ಕೂರಿಸಿದ್ದು. ಅವತ್ತೂ ನೋಡ್ಲಿಲ್ಲ."

ಮೇಷ್ಟ್ರು ಫೋಟೊ ಕೈಗೆತ್ತಿಕೊಂಡು ಹತ್ತಿರದಿಂದ ನೋಡಿದ, ದೂರ ಹಿಡಿದು ನೋಡಿದ. ಅತ್ತೆ ಎದ್ದು ನಿಂತು, ತಂಗಿಯ ಮಾತಿಗೆ ತಾಳ ಹಾಕಲು ಈ ಸುಳ್ಳು ಕಟ್ಟಿದ್ದಾನೆ, ಅಣ್ಣ ತಂಗಿ ಸೇರಿ ತನ್ನ ವಂಶಕ್ಕೆ ಮಸಿ ಬಳಿಯುತ್ತಿದ್ದಾರೆ, ಇಂಥವನು ಇನ್ನು ಮನೆಯ ಹೊಸಿಲು ತುಳಿಯಬಾರದು ಎಂದು ಬಾಯಿಗೆ ಬಂದಂತೆ ಬೈದರು. ಅವನು ಬೈಸಿಕೊಂಡ. ಅದು ಅವನಿಗೆ ತಾಗಲೇ ಇಲ್ಲ.

ತಾಗಿದ್ದು ತಂಗಿ ಕೇಳಿದ್ದು.

"ನಿಂಗೆ ಯಾವಾಗ ಗೊತ್ತಾಯ್ತು?"

"ಅವತ್ತೇ."

"ನಾಲ್ಕು ತಿಂಗಳು" ಎಂದಳು. ದನಿ ಏರಿಸಲಿಲ್ಲ. "ನಾಲ್ಕು ತಿಂಗಳು ಇವರು ಆ ಫೋಟೊ ತೋರಿಸಿ ನನ್ನ ಹುಚ್ಚಿ ಅಂದ್ರು. ಕೊನೆಗೆ ನಾನೂ ಹೌದು ಅಂದ್ಕೊಂಡಿದ್ದೆ, ಅಣ್ಣಾ."

ಅವನು ಏನೋ ಹೇಳಹೋದ. ಅವಳು ಕೇಳಿಸಿಕೊಳ್ಳಲು ನಿಲ್ಲದೆ, ಅಳುವ ಮಗುವನ್ನು ಹೊದಿಕೆಯಲ್ಲಿ ಬಿಗಿಯಾಗಿ ಸುತ್ತಿಕೊಂಡು ಮೆಟ್ಟಿಲಿಳಿದಳು. ಬೀದಿಯ ತುದಿಯಲ್ಲಿ ಬಾಡಿಗೆ ಕಾರು ಸಿಕ್ಕಿತು. ಅವನು ಓಡಿಬಂದು ಬಾಗಿಲಿಗೆ ಕೈ ಹಾಕಿದ. ಅವಳು ಒಳಗಿನಿಂದ ಚಿಲಕ ಒತ್ತಿದಳು. ಅಷ್ಟರಲ್ಲಿ ಮೇಷ್ಟ್ರು ಬರಿಗಾಲಲ್ಲೇ ಓಡುತ್ತಾ ಬಂದ, ಚಪ್ಪಲಿ ಕೈಯಲ್ಲಿತ್ತು. ಅವನಿಗಾಗಿ ಆಚೆ ಬದಿಯ ಬಾಗಿಲು ತೆರೆಯಿತು. ಕಾರು ಹೊರಟಿತು.

ಮಧ್ಯಾಹ್ನ ಸ್ಟುಡಿಯೊ ಮುಂದೆ ಒಬ್ಬ ತಾಯಿ ಕೂಸನ್ನು ಎತ್ತಿಕೊಂಡು ಕಾಯುತ್ತಿದ್ದಳು. ಅವನು ಬೀಗ ತೆಗೆಯುವಾಗ ಜೇಬಿನಲ್ಲಿ ಫೋನು ನಡುಗಿತು. ತಂಗಿಯ ಸಂದೇಶ.

"ಅವತ್ತು ತೆಗೆದದ್ದೆಲ್ಲ ಕಳಿಸು. ಡಾಕ್ಟರಿಗೆ ಬೇಕಂತೆ. ಒಂದನ್ನೂ ಮುಟ್ಟಬೇಡ."

ಹೊರಗಿದ್ದವಳಿಗೆ ಸ್ವಲ್ಪ ಕೂತಿರಮ್ಮ ಎಂದು ಹೇಳಿ, ಅವನು ಕಂಪ್ಯೂಟರ್ ಹಚ್ಚಿ ಅರವತ್ತೆರಡರಲ್ಲಿ ಮೊದಲನೆಯದನ್ನು ಕಳಿಸಿದ. ಆಮೇಲೆ ಎರಡನೆಯದು, ಮೂರನೆಯದು. ಪರದೆಯ ತುಂಬ ಮಗು, ಒಂದೊಂದರಲ್ಲೂ, ಅವನನ್ನು ಬಿಟ್ಟು ಬೇರೆಲ್ಲೋ ನೋಡುತ್ತಿತ್ತು.