ಅಣ್ಣನ ತಟ್ಟೆ

ಮುಂಬೈ ಬಳಿಯ ಡೊಂಬಿವಲಿಯಲ್ಲಿ, ಎಂಐಡಿಸಿ ಕಾರ್ಖಾನೆಗಳ ಹಿಂದೆ ನಮ್ಮದೊಂದು ವಸಾಹತು ಇತ್ತು. ದುಡಿದು ತಿನ್ನುವ ನಲವತ್ತು ಜನ, ಒಂದೇ ಅಡುಗೆಮನೆ. ಜಾತಿಯಿಲ್ಲ, ದೇವರಿಲ್ಲ, ಬಾಗಿಲಿಗೆ ಬೀಗವಿಲ್ಲ. ಉಡುಪಿಯಿಂದ ಬಂದ ನಾನು, ಜಯಲತಾ, ಅಲ್ಲಿನ ಅಡುಗೆಯವಳು. ಇದನ್ನೆಲ್ಲ ಕಟ್ಟಿದ ಲಕ್ಷ್ಮೀಕಾಂತಣ್ಣನದು ಒಂದೇ ನಿಯಮ: ಇಲ್ಲಿ ಯಾರೂ ಯಾರಿಗೂ ಉಳಿದವರಿಗಿಂತ ಹೆಚ್ಚಾಗಬಾರದು. ಗಂಡಹೆಂಡಿರಿಗೆ ಮಾತ್ರ ವಿನಾಯಿತಿ. ಎಂಥ ಸಮಾನತೆ ನೋಡಿ!

ತೊಂಬತ್ತೆರಡರಲ್ಲಿ ಅಣ್ಣ ತೀರಿಕೊಂಡರು. ನಾವು ವಿಚಾರವಂತರಲ್ಲವೇ, ಕ್ರಿಯೆಕರ್ಮ ಬೇಡವೆಂದೆವು. ಬದಲಿಗೆ, ಅಣ್ಣ ನಮ್ಮ ಜೊತೆಗೇ ಇದ್ದಾರೆ ಎಂದುಕೊಂಡು, ದಿನವೂ ಅವರ ತಟ್ಟೆಗೇ ಮೊದಲು ಬಡಿಸತೊಡಗಿದೆವು. ಕೆಲವು ತಿಂಗಳಲ್ಲೇ ಆ ಅನ್ನದಲ್ಲಿ ಐದು ಬೆರಳಿನ ಗುರುತು ಮೂಡಿತು. ಉಳಿದವರು ಆನಂದದಿಂದ ಅತ್ತರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಮೊದಲು ಹೋದವನು ಚೆನ್ನಯ. ಅವನೂ ಯಂಕಪ್ಪನೂ ಒಂದೇ ಕೋಣೆಯಲ್ಲಿದ್ದರು. ಅವರ ನಡುವೆ ಏನಿತ್ತೆಂದು ನನ್ನಂಥವಳಿಗೆ ತಿಳಿಯದೆ ಇರುತ್ತದೆಯೇ? ಚೆನ್ನಯನ ದನಿ ಯಾರಿಗೂ ಕೇಳದಾಯಿತು. ಆಮೇಲೆ ಅವನಿಗೆ ತಟ್ಟೆ ಇಡಲು ಮರೆತೆವು. ಒಂದು ದಿನ ಬಟ್ಟೆ ಒಣಹಾಕುವ ಹಗ್ಗದ ಮೇಲೆ ಅವನ ನೀಲಿ ಅಂಗಿ ಮಾತ್ರ ಉಳಿದಿತ್ತು. ಅದನ್ನು ನೋಡಿದಾಗಷ್ಟೇ ನನಗೂ ಅವನ ನೆನಪಾಗುತ್ತಿತ್ತು.

"ಚೆನ್ನಯ ಎಲ್ಲಿ ಮಾರಾಯ?" ಎಂದು ಕೇಳಿದರೆ ಯಂಕಪ್ಪ, "ಯಾರ್ರೀ ಅಂವ?" ಎಂದ. ಅವನ ಕೈ ಮಾತ್ರ ದಿನವೂ ಎರಡು ಚಹಾ ಲೋಟ ತೊಳೆಯುತ್ತಿತ್ತು.

ನನಗೆ ಗುರಮ್ಮನಿದ್ದಳು. ರಾಯಚೂರಿನವಳು, ಲಾರಿಗೆ ಮೂಟೆ ಹೊರುವವಳು. ನಕ್ಕರೆ ಅಡುಗೆಮನೆಯೆಲ್ಲ ತುಂಬುತ್ತಿತ್ತು. ಎರಡು ವರ್ಷದಿಂದ ನಾವು ಒಬ್ಬರಿಗೊಬ್ಬರು ಹೆಚ್ಚಾಗಿದ್ದೆವು, ಯಾರಿಗೂ ಹೇಳದೆ. ಒಂದು ಭಾನುವಾರ ಮಧ್ಯಾಹ್ನ ಎಲ್ಲರಿಗೂ ಬಡಿಸಿ, ನಾನೂ ಎರಡು ತುತ್ತು ಉಂಡು ತಲೆಯೆತ್ತಿದರೆ, ಅವಳು ತಟ್ಟೆಯಿಲ್ಲದೆ ನಿಂತಿದ್ದಾಳೆ. ತುಟಿ ಅಲ್ಲಾಡುತ್ತಿದೆ, ದನಿಯಿಲ್ಲ. ತಟ್ಟೆ ಇಟ್ಟವಳು ನಾನೇ. ನಾನೇ ಅವಳನ್ನು ಮರೆತಿದ್ದೆ!

ಹೆದರಿಕೆಗಿಂತ ಸಿಟ್ಟೇ ಮೊದಲು ಬಂತು. ನಮ್ಮೂರಲ್ಲಿ ಸತ್ತವರಿಗೆ ಬಡಿಸಿ, ಬಾಗಿಲು ಮುಚ್ಚಿ, ಉಂಡ ಮೇಲೆ ಕಳಿಸಿಕೊಡುತ್ತಾರೆ. ದಿನಾ ಕರೆದು ಕೂರಿಸಿಕೊಳ್ಳುವುದಿಲ್ಲ. ದೇವರು ಬೇಡವೆಂದ ನಾವು ದೆವ್ವವನ್ನು ಸಾಕಿದ್ದೆವು, ಅದೂ ನನ್ನ ಕೈಯಡುಗೆಯಲ್ಲಿ.

ಎದ್ದು ಹೋಗಿ ಅಣ್ಣನ ತಟ್ಟೆಗೆ ಕೈ ಹಾಕಿದೆ.

"ಏ ಅಕ್ಕಾ, ಅಣ್ಣಾರ ತಟ್ಟಿ ಮುಟ್ಟಬ್ಯಾಡ್ರಿ!" ಎಂದು ಕಾರ್ಯದರ್ಶಿ ರೇವಣಸಿದ್ದ ಕೂಗಿದ.

"ಉಂಡದ್ದು ಸಾಕು. ಇನ್ನು ಹೊರಡ್ಲಿ ಅವ್ರು," ಎಂದೆ.

ತಟ್ಟೆ ರುಬ್ಬುಕಲ್ಲಿನಷ್ಟು ಭಾರವಾಗಿತ್ತು. ಅನ್ನದೊಳಗಿಂದ ತಣ್ಣನೆಯ ಬೆರಳುಗಳು ಬಂದು ನನ್ನ ಮಣಿಕಟ್ಟು ಹಿಡಿದವು. ಎದುರು ನಿಂತವಳ ಹೆಸರು ನಾಲಿಗೆಯಿಂದ ಜಾರತೊಡಗಿತು. ಅವಳು ಓಡಿಬಂದು ತಟ್ಟೆಯ ಇನ್ನೊಂದು ಅಂಚು ಹಿಡಿದಳು. ಹೆದರಿ ಮುಚ್ಚಿಟ್ಟ ಪ್ರೀತಿಯನ್ನೇ ಅಣ್ಣ ತಿನ್ನುತ್ತಿರುವುದು ಎಂದು ಆಗ ನನಗೆ ಹೊಳೆಯಿತು.

"ಕೇಳಿ ಎಲ್ಲರೂ!" ಎಂದು ಕಿರುಚಿದೆ. "ಇವಳು ನಂಗೆ ನಿಮ್ಮೆಲ್ಲರಿಗಿಂತ ಹೆಚ್ಚು. ಗಂಡಹೆಂಡತಿ ಇರುವ ಹಾಗೆಯೇ ನಾವಿಬ್ರು ಇರುದು. ಗುರಮ್ಮ! ನನ್ನ ಗುರಮ್ಮ!"

ಅವಳ ದನಿ ಒಡೆದುಕೊಂಡು ಬಂತು. "ನನಗೂ ಈಕಿನೇ ಹೆಚ್ಚರಿ. ಏನ್ ಮಾಡ್ಕೋತೀರಿ ಮಾಡ್ಕೋರಿ!"

ಬೆರಳುಗಳು ಸಡಿಲಾದವು. ಇಬ್ಬರೂ ತಟ್ಟೆಯನ್ನು ಅಂಗಳದಾಚೆ ಒಯ್ದು ಅನ್ನವನ್ನು ಕಾಗೆಗಳಿಗೆ ಸುರಿದೆವು. "ಹೋಗಿ ಅಣ್ಣ, ಇನ್ನು ಬರಬೇಡಿ," ಎಂದೆ. ಒಂದು ತಣ್ಣನೆಯ ಗಾಳಿ ನಮ್ಮನ್ನು ದಾಟಿ ಹೊರಟುಹೋಯಿತು.

ಒಳಗೆ ಲೋಟ ಒಡೆದ ಸದ್ದಾಯಿತು. "ಚೆನ್ನಯ! ನನ್ನ ಚೆನ್ನಯ ಎಲ್ಲಿದಾನ್ರೀ?" ಎಂದು ಯಂಕಪ್ಪ ಬೊಬ್ಬೆಯಿಡುತ್ತ ಹೊರಗೆ ಓಡಿಬಂದ. ಹಗ್ಗದ ಮೇಲಿನ ನೀಲಿ ಅಂಗಿಯ ತೋಳು ತುಂಬಿಕೊಂಡಿತು, ಆಮೇಲೆ ಭುಜ, ಆಮೇಲೆ ಹಸಿದ ಮುಖ.

"ಜಯಲತಕ್ಕ, ಊಟ ಉಂಟಾ?"

ಅಣ್ಣನ ತಟ್ಟೆ ತೊಳೆದು ಚೆನ್ನಯನಿಗೇ ಬಡಿಸಿದೆ. ಯಂಕಪ್ಪ ಅವನ ಅಂಗಿಯ ತುದಿ ಬಿಡಲೇ ಇಲ್ಲ. ರೇವಣಸಿದ್ದನೇ ಉಪ್ಪಿನಕಾಯಿ ತಂದಿಟ್ಟ. ಗುರಮ್ಮನಿಗೆ ತಟ್ಟೆ ಹುಡುಕಲು ಹೊರಟರೆ, ಅವಳು ನಾನು ಉಂಡು ಬಿಟ್ಟಿದ್ದ ತಟ್ಟೆಯ ಮುಂದೆ ಕೂತು ನನ್ನ ಎಂಜಲಿಗೇ ಕೈ ಹಾಕಿದಳು, ನಲವತ್ತು ಜನರ ಕಣ್ಣೆದುರು.

"ಇನ್ನೊಮ್ಮೆ ಮರತೀ ಅಂದ್ರ ನೋಡು, ಜಯಾ," ಎಂದಳು.

ನಾನೂ ಪಕ್ಕದಲ್ಲಿ ಕೂತು ಅದೇ ತಟ್ಟೆಯಲ್ಲಿ ಉಂಡೆ.