ಎಲ್ಲರೂ ಚೆನ್ನಾಗಿರುವ ಊರು

"ಉಸಿರು ಜೋರಾಗಿ ಎಳ್ಕೊಳ್ಳಿ" ಎಂದು ಡಾಕ್ಟರ್ ಯೋಗಾನಂದರು ಸ್ಟೆತಸ್ಕೋಪನ್ನು ಬೆನ್ನಿಗೆ ಒತ್ತುವಷ್ಟರಲ್ಲಿ ಹನುಮಂತರಾಯಪ್ಪ ಗಿರಕ್ಕನೆ ತಿರುಗಿ ಅವರ ಕೊರಳಿಗೇ ಹಾರ ಹಾಕಿಬಿಟ್ಟ.

"ಈ ಕೆಮ್ಮು ಯಾವಾಗಿನಿಂದ?"

"ಕೆಮ್ಮಾ? ಎಲ್ಲಿ ಸ್ವಾಮಿ! ನಿಮ್ಮ ಆಶೀರ್ವಾದ, ಚೆನ್ನಾಗಿದೀನಿ." ಬಾಯಿಗೆ ಟವೆಲ್ ಅಡ್ಡ ಹಿಡಿದು ಕೆಮ್ಮುತ್ತಲೇ, ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆದ. ನರ್ಸ್ ಭಾಗ್ಯಮ್ಮ ಬಾಗಿಲಲ್ಲೇ ಅಡ್ಡಗಟ್ಟಿ ಔಷಧಿಯನ್ನು ಅವನ ಜೇಬಿಗೆ ತುರುಕಬೇಕಾಯಿತು.

ಯೋಗಾನಂದರು ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲೇ ಹುಟ್ಟಿದವರು. ಮೂವತ್ತು ವರ್ಷ ಇದೇ ಬೀದಿಯಲ್ಲಿ ನೇಕಾರರ ಕೆಮ್ಮು, ಕೀಲುನೋವು, ಬಾಣಂತನ ನೋಡಿದವರು. ಹೆಸರು ಹೇಗೋ ದೆಹಲಿಯವರೆಗೂ ಹೋಗಿ, ದೂರದ ಗುಡ್ಡಗಾಡಿನ ರಾಜ್ಯವೊಂದಕ್ಕೆ ರಾಜ್ಯಪಾಲರಾದರು. ಅಲ್ಲಿ ಐದು ವರ್ಷ ಯಾರನ್ನು ಏನು ಕೇಳಿದರೂ ಒಂದೇ ಉತ್ತರ: ಎಲ್ಲ ಚೆನ್ನಾಗಿದೆ. ಅವಧಿ ಮುಗಿಸಿ ಬಂದು ಕ್ಲಿನಿಕ್ಕಿನ ಬೀಗ ತೆಗೆದರೆ ಈಗ ಇಡೀ ಊರೇ ಚೆನ್ನಾಗಿತ್ತು. ಚಳಿಜ್ವರದಲ್ಲಿ ನಡುಗುತ್ತ ಬಂದವರೂ ತಂದ ಶಾಲನ್ನು ಇವರಿಗೆ ಹೊದಿಸಿ ಹೋಗುತ್ತಿದ್ದರು.

"ಭಾಗ್ಯಮ್ಮ, ಇವತ್ತು ಒಬ್ರಾದ್ರೂ ಬಾಯ್ಬಿಟ್ಟು ನೋವು ಹೇಳ್ಳಿಲ್ಲ ಅಂದ್ರೆ ಬೋರ್ಡ್ ಇಳಿಸಿಬಿಡ್ತೀನಿ. ನಂಗೆ ಡಾಕ್ಟ್ರಾಗಿರೋ ಆಸೆ, ಗೋಡೆ ಮೇಲಿನ ಫೋಟೋ ಆಗೋ ಆಸೆ ಅಲ್ಲ."

"ಮೊದ್ಲು ಆ ರಾಜಭವನದ ಮೆತ್ತನೆ ದನಿ ಬಿಡಿ. ಪವರ್‌ಲೂಮ್ ಸದ್ದಿಗೆ ಕಿವಿ ಮಂದ ಆಗಿರೋ ಜನಕ್ಕೆ ಪಿಸುಪಿಸು ಅಂದ್ರೆ ಏನು ಕೇಳ್ಸುತ್ತೆ? ಕೈ ಮುಗಿದು ಎದ್ದು ಹೋಗ್ತಾರೆ."

"ಲೇ ಯೋಗ!"

ಬೀದಿಗೆಲ್ಲ ಕೇಳುವಂತೆ ಕೂಗುತ್ತ ನುಗ್ಗಿದವನು ಸಂಜೀವಪ್ಪ, ಚಿಕ್ಕಂದಿನ ಗೆಳೆಯ. ತಲೆಯ ತುಂಬ ರೇಷ್ಮೆಯ ಎಳೆಗಳು. ಅವನೂ ಶಾಲು ತಂದಿದ್ದ. ಆದರೆ ಹೊದಿಸಲು ಹೋದರೆ ಬಲಗೈ ಎದೆಮಟ್ಟಕ್ಕಿಂತ ಮೇಲೇಳಲಿಲ್ಲ.

"ಭುಜ ಹಿಡ್ಕೊಂಡ್ಬಿಟ್ಟಿದೆ ಕಣೋ. ನೀನೇ ಸ್ವಲ್ಪ ಬಗ್ಗು."

ಡಾಕ್ಟರು ಶಾಲನ್ನು ಅತ್ತ ಎಸೆದು ಭುಜಕ್ಕೆ ಕೈ ಹಾಕಿದರು. "ಎಷ್ಟು ದಿನ ಆಯ್ತು?"

"ಕೇಳಿಸ್ತಿಲ್ಲ. ಅನ್ನ ತಿಂದಿಲ್ವಾ?"

ಮಗ್ಗಗಳ ನಡುವೆ ಬೆಳೆದ ಹಳೆಯ ಗಂಟಲು ತಾನಾಗಿಯೇ ಬಿಚ್ಚಿಕೊಂಡಿತು. "ಎಷ್ಟು ದಿನ ಆಯ್ತೋ ಅಂದೆ! ಮೊದ್ಲೇ ತೋರಿಸ್ಕೊಳ್ಳೋಕೆ ಏನು ದಾಡಿ ನಿಂಗೆ?"

"ನೀನು ಅಲ್ಲೆಲ್ಲೋ ಗುಡ್ಡದ ಮೇಲೆ ಕೂತಿದ್ದೆ. ಈ ಭುಜ ಹೊತ್ಕೊಂಡು ವಿಮಾನ ಹತ್ಲಾ?"

ಹೊರಗಿನ ಬೆಂಚಿನವರು ಘೊಳ್ಳೆಂದು ನಕ್ಕರು. ನಗುವಿನ ನಡುವಿನಿಂದ ಒಬ್ಬ ಹೆಂಗಸು ಕೂಗಿದಳು: "ಡಾಕ್ಟ್ರೇ, ಆಮೇಲೆ ನನ್ನ ಮಂಡಿನೂ ನೋಡಿ, ರಾತ್ರಿಯೆಲ್ಲ ನಿದ್ದೆ ಇಲ್ಲ!"

ಡಾಕ್ಟ್ರೇ! ಯೋಗಾನಂದರಿಗೆ ಆ ಮಂಡಿಯ ಮೇಲೆ ಪ್ರೀತಿಯೇ ಬಂದುಬಿಟ್ಟಿತು. ಕೊರಳ ಹಾರ ಕಿತ್ತಿಟ್ಟು, ಸಿರಿಂಜ್ ತುಂಬಿಕೊಂಡು ತಿರುಗಿದರು.

"ಅಂಗಿ ತೋಳು ಮೇಲಕ್ಕೆ ಮಡಚು. ಒಂದು ಸೂಜಿ ಚುಚ್ತೀನಿ. ಒಂದು ವಾರ ಮಗ್ಗದ ಕಡೆ ತಲೆ ಹಾಕ್ಬೇಡ."

ಸಂಜೀವಪ್ಪ ಅಂಗಿಯ ತೋಳನ್ನು ಮಣಿಕಟ್ಟಿನವರೆಗೂ ಎಳೆದುಕೊಂಡ. "ಬೇಡ."

"ನೋವು ಇಳಿಯುತ್ತೆ ಕಣೋ."

"ಆಗಲ್ಲ. ರಾಜ್ಯಪಾಲ ಇರ್ಲಿ, ರಾಷ್ಟ್ರಪತಿ ಬಂದು ಚುಚ್ತೀನಿ ಅಂದ್ರೂ ಸೂಜಿ ಬೇಡ."